ಉಪಗ್ರಹದಿಂದ ನೆಲದ ಹಸುರನ್ನು ಅಳೆಯುವ ಕ್ರಮ

ಕಾಮಗೆರೆಯ ಸುತ್ತಲಿನ ಹೊಲ, ಗೋಮಾಳ ಮತ್ತು ಕಾಡಂಚುಗಳು ಕಳೆದ ನಾಲ್ವತ್ತು ವರ್ಷಗಳಲ್ಲಿ ಎಷ್ಟು ಬದಲಾದುವೆಂದು ವಿಚಾರಿಸಿದರೆ ಹಿರಿಯರು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುವರು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದಲೂ, ನಮ್ಮ ದೇಶದ ಐ.ಆರ್.ಎಸ್. ಉಪಗ್ರಹಗಳು 1988ರಿಂದಲೂ ಭೂಮಿಯ ಚಿತ್ರಗಳನ್ನು ತೆಗೆಯುತ್ತ ಬಂದಿರುವುದರಿಂದ ಈ ಪ್ರಶ್ನೆಗೆ ಚಿತ್ರರೂಪದ ಸಾಕ್ಷ್ಯವು ದೊರೆತಂತಾಗಿದೆ. ಗ್ರಾಮದ ಯಜಮಾನರೂ ಭೂಮಾಲಿಕರೂ ಅದನ್ನು ಓದುವ ಕ್ರಮವನ್ನು ಅರಿತಿರುವುದು ಯುಕ್ತ.

ಸೊಂಪಾದ ಎಲೆಯು ಬಿಸಿಲಿನ ಕೆಂಪು ಬೆಳಕನ್ನು ಹೀರಿಕೊಂಡು, ಕೆಂಪಿನಾಚೆಗಿರುವ, ಕಣ್ಣಿಗೆ ಕಾಣದ ಕಿರಣಗಳನ್ನು ಹೆಚ್ಚಾಗಿ ಹಿಂದಿರುಗಿಸುವುದು. ಒಣಗಿದ ಎಲೆಯಲ್ಲಿಯೂ ಬರಿನೆಲದಲ್ಲಿಯೂ ಇವೆರಡರ ಅಂತರವು ಅಲ್ಪ. ಈ ಅಂತರವನ್ನು ಅವೆರಡರ ಮೊತ್ತದಿಂದ ಭಾಗಿಸಿದರೆ ಬರುವ ಅಂಕಿಯೇ ಹಸುರಿನ ಸೂಚ್ಯಂಕ. ದಟ್ಟವಾದ ಹಸುರಿಗೆ ಅದು 1ರ ಸಮೀಪಕ್ಕೇರುವುದು. ಲ್ಯಾಂಡ್‌ಸ್ಯಾಟ್ ಚಿತ್ರಗಳಲ್ಲಿ, 1982ರ ತರುವಾಯ, ಒಂದೊಂದು ಚೌಕವು 30 ಮೀಟರ್ ಉದ್ದಗಲದ್ದು, ಅಂದರೆ ಸುಮಾರು 9 ಗುಂಟೆ; 2015ರಲ್ಲಿ ಹಾರಿದ ಯೂರೋಪಿನ ಸೆಂಟಿನೆಲ್-2ರಲ್ಲಿ ಸುಮಾರು 1 ಗುಂಟೆ. ಬದುವಿನ ಮೇಲಿನ ಒಂಟಿ ಹೊಂಗೆಯ ಮರವನ್ನು ಇವುಗಳಲ್ಲಿ ಹುಡುಕತಕ್ಕದ್ದಲ್ಲ.

ಹೋಲಿಸುವಾಗ ಋತುವನ್ನು ಮರೆಯಲಾಗದು. ಒಂದು ವರ್ಷದ ಅಕ್ಟೋಬರ್ ಚಿತ್ರವನ್ನು ಇನ್ನೊಂದು ವರ್ಷದ ಮಾರ್ಚ್ ಚಿತ್ರದೊಡನಿಟ್ಟು ಭೂಮಿ ಬರಡಾಯಿತೆನ್ನುವುದು, ಕಣದಲ್ಲಿ ರಾಶಿ ಮಾಡಿದ ಮೇಲೆ ಹೊಲದಲ್ಲಿ ಪೈರಿಲ್ಲವೆಂದು ದೂರಿದಂತೆ. ಹಲವು ವರ್ಷಗಳ ಒಂದೇ ತಿಂಗಳ ಚಿತ್ರಗಳನ್ನು ಸಾಲಾಗಿ ನೋಡಿ, ಆಯಾ ವರ್ಷದ ಮಳೆಯ ಲೆಕ್ಕವನ್ನೂ ಪಕ್ಕದಲ್ಲಿಡಬೇಕು. ಬೇಸಗೆಯಲ್ಲಿಯೂ ಹಸುರಾಗಿರುವ ಹೊಲವು ಬಹುಮಟ್ಟಿಗೆ ನೀರಾವರಿಯ ಹಿಪ್ಪುನೇರಳೆಯೋ ಬಾಳೆಯೋ ಕಬ್ಬೋ ಆಗಿರುವುದು. ಅಂಥ ಚೌಕಗಳು ವರ್ಷೇವರ್ಷೇ ಹೆಚ್ಚಿದರೆ ಕೊಳವೆ ಬಾವಿಗಳ ಆಳವನ್ನೂ ವಿಚಾರಿಸತಕ್ಕದ್ದು.

ಹಸುರೆಲ್ಲವೂ ಲಾಭವಲ್ಲ. ನೆರೆಯ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸಂಶೋಧಕರು ನೆಲದ ಮೇಲೆ ನಡೆದು ಎಣಿಸಿದಾಗ, 1997ರಿಂದ 2008ರೊಳಗೆ ಲಂಟಾನದ ಹರಹು ಹೆಚ್ಚುಕಡಮೆ ಇಮ್ಮಡಿಯಾಗಿ, ಕಾಡಿನ ಶೇಕಡಾ 80ಕ್ಕೂ ಮೀರಿದ ಭಾಗದಲ್ಲಿ ಆ ಗಿಡವು ಕಂಡುಬಂತು. ನಿತ್ಯಹರಿದ್ವರ್ಣದ ಕಾಡನ್ನುಳಿದು ಮಿಕ್ಕೆಡೆಗಳಲ್ಲಿ ಸ್ಥಳೀಯ ಮರಗಳು ವಿರಳವಾಗಿದ್ದುವು. ತಿಂದ ದನಗಳಿಗೆ ವಿಷವಾಗುವ ಈ ಗಿಡವೂ ಸೂಚ್ಯಂಕದ ಲೆಕ್ಕದಲ್ಲಿ ಹಸುರೇ. ಗೋಮಾಳವು ಹುಲ್ಲಿನಿಂದ ತುಂಬಿದೆಯೋ ಲಂಟಾನದಿಂದಲೋ ಎಂಬುದನ್ನು ಅಂಕಿಯೊಂದೇ ಹೇಳಲಾರದು. ಅಲ್ಲಿ ದನ ಕಾಯುವವನು ಹೇಳಬಲ್ಲನು.

ಆದಕಾರಣ ಯಜಮಾನರು ಪ್ರತಿವರ್ಷವೂ ಸುಗ್ಗಿಯ ಮೊದಲೊಮ್ಮೆ, ಬೇಸಗೆಯಲ್ಲೊಮ್ಮೆ, ಸರ್ವೆ ನಂಬರುವಾರು ಬೆಳೆ, ನೀರಿನ ಆಸರೆ, ಬೀಳುಬಿಟ್ಟ ನೆಲ, ಲಂಟಾನ ಹಬ್ಬಿದ ಮೇರೆ ಇವುಗಳನ್ನು ತಾರೀಖು ಸಹಿತ ಬರೆದಿಡಬೇಕು. ಇಸ್ರೋ ಸಂಸ್ಥೆಯು 2009ರಲ್ಲಿ ಆರಂಭಿಸಿದ ಭುವನ್ ನಕ್ಷೆಗಳೊಡನೆ ಆ ಬರಹವನ್ನು ತಾಳೆ ನೋಡಬಹುದು.