ಲ್ಯಾಟಿನ್ ನ್ಯಾಯಪದಗಳೂ ಅವುಗಳ ನೆಂಟರೂ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಕನ್ನಡ ಶಾಲೆಗಳಲ್ಲಿ ಓದಿ, ಮುಂದೆ ಕಾನೂನು ವ್ಯಾಸಂಗಕ್ಕೆ ತೆರಳುವ ವಿದ್ಯಾರ್ಥಿಗಳಿಗೆ ಎದುರಾಗುವ ತೊಡಕುಗಳಲ್ಲಿ ಲ್ಯಾಟಿನ್ ಪದಗುಚ್ಛಗಳೂ ಒಂದು. ಸಂವಿಧಾನದ 32ನೆಯ ವಿಧಿಯಲ್ಲಿ ಹೆಸರಿಸಿರುವ ಐದು ರಿಟ್ಟುಗಳ ಪೈಕಿ ನಾಲ್ಕರ ಹೆಸರುಗಳು ಲ್ಯಾಟಿನ್ನಿನವು. ಅರ್ಥವರಿಯದೆ ಉರುಹೊಡೆದುದು ಪರೀಕ್ಷೆ ಮುಗಿಯುತ್ತಲೇ ಮರೆತುಹೋಗುವುದು ಸಹಜ. ಆದರೆ ಈ ಪದಗಳ ಬಂಧುಗಳು ವಿದ್ಯಾರ್ಥಿಯ ನಾಲಗೆಯ ಮೇಲೆ ಆಗಲೇ ಇವೆ ಎಂಬುದು ಗಮನಾರ್ಹ.

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹೊರಟಿರಬೇಕೆಂದು ಸರ್ ವಿಲಿಯಂ ಜೋನ್ಸರು 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಪ್ರತಿಪಾದಿಸಿದರು. ಕನ್ನಡವು ದ್ರಾವಿಡ ವರ್ಗಕ್ಕೆ ಸೇರಿದುದಾದರೂ, ಸಂಸ್ಕೃತದ ತತ್ಸಮಗಳು ಹಾಗೂ ಇಂಗ್ಲಿಷಿನ ಮೂಲಕ ಬಂದ ಬಳಕೆಯ ಮಾತುಗಳು ಕನ್ನಡಿಗನಿಗೆ ಎರಡು ಸೇತುವೆಗಳಾಗಿವೆ.

‘ಮ್ಯಾಂಡಮಸ್’ ಎಂದರೆ ‘ಆಜ್ಞಾಪಿಸುತ್ತೇವೆ’. ಇದರ ಕೊನೆಯ ‘ಮಸ್’, ಸಂಸ್ಕೃತದ ‘ವದಾಮಃ’, ‘ಗಚ್ಛಾಮಃ’ ಎಂಬಲ್ಲಿನ ‘ಮಃ’ ಪ್ರತ್ಯಯದ ಸೋದರ. ‘ಕಮಾಂಡರ್’ ಎಂಬುದರಲ್ಲಿಯೂ ಇದೇ ಧಾತುವಿದೆ. ‘ಕೋ ವಾರಂಟೋ’ ಎಂದರೆ ‘ಯಾವ ಅಧಿಕಾರದಿಂದ?’ ಇಲ್ಲಿಯ ‘ಕೋ’ ಸಂಸ್ಕೃತದ ‘ಕಃ’, ‘ಕೇನ’ಗಳ ಬಳಗದ್ದು, ಸಹಕಾರ ಸಂಘದ ಸಭೆಯ ‘ಕೋರಂ’ ಸಹ ಇದೇ ಸರ್ವನಾಮದ ರೂಪ. ‘ವಾರಂಟು’ ಯಾರಿಗೂ ಹೊಸತಲ್ಲ. ‘ಸರ್ಷಿಯೊರರಿ’ಯಲ್ಲಿ ‘ಸರ್ಟಿಫಿಕೇಟಿ’ನ ಮೊದಲ ಭಾಗವೂ, ‘ಸೀನಿಯರ್’, ‘ಜೂನಿಯರ್’ ಪದಗಳ ತಾರತಮ್ಯಸೂಚಕ ಪ್ರತ್ಯಯವೂ ಕೂಡಿವೆ: ‘ಇನ್ನಷ್ಟು ಖಚಿತವಾಗಿ ತಿಳಿಸಲ್ಪಡುವುದು’. ‘ಸುವೊ ಮೋಟು’ವಿನ ‘ಸುವೊ’ ನಮ್ಮ ‘ಸ್ವ’. ‘ಮೋಟು’ವಿನ ನೆಂಟ ‘ಮೋಟಾರು’. ಸ್ವಪ್ರೇರಣೆಯಿಂದ ಚಲಿಸುವುದೆಂದು ಅರ್ಥ ತಾನಾಗಿ ಹೊಳೆಯುತ್ತದೆ.

ಆದರೆ ಧ್ವನಿಸಾಮ್ಯವೆಲ್ಲ ರಕ್ತಸಂಬಂಧವಲ್ಲ. ‘ಹೇಬಿಯಸ್’ ಪದವು ಇಂಗ್ಲಿಷಿನ ‘ಹ್ಯಾವ್’ ಪದವನ್ನು ಅರ್ಥದಲ್ಲಿಯೂ ಹೋಲುತ್ತದಾದರೂ ಅವೆರಡರ ಮೂಲ ಬೇರೆ. ನೆನಪಿಗೆ ಅದು ಊರುಗೋಲಾಗಬಹುದೇ ಹೊರತು ವ್ಯುತ್ಪತ್ತಿಯಾಗಲಾರದು. ‘ಕಾರ್ಪಸ್’ ಎಂದರೆ ದೇಹ. ಹಲವರು ಒಂದೇ ದೇಹದಂತೆ ನಿಲ್ಲುವ ‘ಕಾರ್ಪೊರೇಷನ್’ ಇದರಿಂದಲೇ ಬಂದುದು. ಸೆರೆಯಲ್ಲಿರುವವನ ದೇಹವನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸೆಂಬುದು ಈ ರಿಟ್ಟಿನ ತಾತ್ಪರ್ಯ.

ಈ ಎರಡು ಪದಗಳ ಬೆಲೆಯೇನೆಂಬುದನ್ನು ಕರ್ನಾಟಕವೇ ಕಂಡಿದೆ. 1975ರ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಇದೇ ರಿಟ್ಟನ್ನು ಕೋರಿದರು. ಆ ಕಾಲದಲ್ಲಿ ಇಂಥ ಅರ್ಜಿಗಳು ನಿಲ್ಲವೆಂದು 1976ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಹುಮತದಿಂದ ತೀರ್ಪಿತ್ತಿತು; ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ, 2017ರಲ್ಲಿ, ಆ ತೀರ್ಪು ರದ್ದಾಯಿತು.

ಆದುದರಿಂದ ಇಂಥ ಪದಗಳನ್ನು ಬಿಡಿಸಿ ತಿಳಿಸುವುದು ಭಾಷಾ ಶಿಕ್ಷಕರ ಚಮತ್ಕಾರವಷ್ಟೇ ಅಲ್ಲ. ತನ್ನ ಹಕ್ಕಿನ ಹೆಸರನ್ನು ಅರ್ಥಸಹಿತ ಬಲ್ಲವನು ಅದನ್ನು ಕೇಳಲೂ ಬಲ್ಲನು.