ಮುನ್ನರಿವಿನ ಚಾಲನೆ, ಇಂಧನದ ಉಳಿತಾಯ

ಹುಮನಾಬಾದಿನಿಂದ ಜಹೀರಾಬಾದಿನ ಮಾರ್ಗವಾಗಿ ಹೈದರಾಬಾದಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ಸಂಗಾರೆಡ್ಡಿಯನ್ನು ದಾಟಿದ ಮೇಲೆ ಕಂದಿ ಎಂಬ ಗ್ರಾಮವಿದೆ. ಅಲ್ಲಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಆವರಣದಲ್ಲಿ, ಚಾಲಕನಿಲ್ಲದೆ ಚಲಿಸುವ ವಾಹನಗಳ ಪರೀಕ್ಷಾ ಕ್ಷೇತ್ರವೊಂದು 2022ರ ಜುಲೈ 4ರಂದು ಉದ್ಘಾಟನೆಗೊಂಡಿತು. ‘ತಿಹಾನ್’ ಎಂಬ ಈ ಕೇಂದ್ರಕ್ಕೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 130 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿದೆ. ಕೃತಕ ಮಳೆ, ಕೂಡುರಸ್ತೆ, ವಾಹನಗಳ ನಡುವಣ ರೇಡಿಯೋ ಸಂಪರ್ಕ ಮುಂತಾದ ಏರ್ಪಾಡುಗಳು ಇಲ್ಲಿವೆ.

ಇಂತಹ ವಾಹನಗಳಿಂದ ಜನಸಾಮಾನ್ಯರಿಗೆ ಏನು ಪ್ರಯೋಜನ? ಸುರಕ್ಷತೆಯ ಜೊತೆಗೆ ಇಂಧನದ ಉಳಿತಾಯವೂ ಇದರ ಒಂದು ಮುಖ್ಯ ಉದ್ದೇಶ. ತನಗೆ ಬೇಕಾದ ಕಚ್ಚಾತೈಲದಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತಲೂ ಹೆಚ್ಚನ್ನು ಹೊರದೇಶಗಳಿಂದ ತರಿಸಿಕೊಳ್ಳುವ ನಮ್ಮ ದೇಶಕ್ಕೆ ಇದು ಅಲ್ಪ ವಿಷಯವಲ್ಲ.

ಬ್ರೇಕಿನಲ್ಲಿ ವ್ಯಯವಾಗುವ ಪೆಟ್ರೋಲು

ಬ್ರೇಕ್ ಒತ್ತಿದಾಗ, ವಾಹನದ ವೇಗದಲ್ಲಿ ಅಡಗಿದ್ದ ಶಕ್ತಿಯು ಶಾಖವಾಗಿ ವ್ಯರ್ಥವಾಗುತ್ತದೆ. 1000 ಕಿಲೋಗ್ರಾಂ ತೂಕದ ಕಾರೊಂದು ಗಂಟೆಗೆ 54 ಕಿ.ಮೀ. ವೇಗದಿಂದ ಒಮ್ಮೆ ನಿಂತರೆ, ಆ ವೇಗವನ್ನು ಮರಳಿ ಪಡೆಯಲು ಸುಮಾರು 14 ಮಿಲಿಲೀಟರ್ ಪೆಟ್ರೋಲು ಬೇಕು. ಎಪ್ಪತ್ತು ಬಾರಿ ಹೀಗಾದರೆ ಹೆಚ್ಚುಕಡಿಮೆ ಒಂದು ಲೀಟರ್ ವ್ಯಯವಾದಂತೆ. ವೇಗವು ಎರಡು ಪಟ್ಟಾದರೆ ಈ ನಷ್ಟವು ನಾಲ್ಕು ಪಟ್ಟಾಗುತ್ತದೆ.

ಯಂತ್ರಕ್ಕೆ ದೊರೆಯುವ ಮುನ್ಸೂಚನೆ

ಚಾಲಕನಿಗೆ ಸಾಮಾನ್ಯವಾಗಿ ಕಾಣುವುದು ತನ್ನ ಮುಂದಿನ ವಾಹನ ಮಾತ್ರ. ಸಂಪರ್ಕ ವ್ಯವಸ್ಥೆಯುಳ್ಳ ವಾಹನವಾದರೋ ಸಿಗ್ನಲ್ ದೀಪದಿಂದಲೂ ಇತರ ವಾಹನಗಳಿಂದಲೂ ಸಂದೇಶ ಪಡೆಯಬಲ್ಲದು. ದೀಪವು 300 ಮೀಟರ್ ದೂರದಲ್ಲಿದ್ದು, ಹಸಿರಾಗಲು 30 ಸೆಕೆಂಡು ಉಳಿದಿದೆಯೆನ್ನೋಣ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಸಾಗಿದರೆ ವಾಹನವು ನಿಲ್ಲದೆಯೇ ಮುಂದುವರಿಯುತ್ತದೆ. ಆಗ ಮರಳಿ ಗಳಿಸಬೇಕಾದ ಶಕ್ತಿಯು ಸುಮಾರು ಅರ್ಧದಷ್ಟಾಗುತ್ತದೆ.

ವಾಹನಗಳು ಒಂದರ ಹಿಂದೊಂದು ಹತ್ತಿರವಾಗಿ ಸಾಗಿದರೆ ಗಾಳಿಯ ಪ್ರತಿರೋಧವೂ ತಗ್ಗುತ್ತದೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1997ರಲ್ಲಿ ಎಂಟು ಸ್ವಯಂಚಾಲಿತ ಕಾರುಗಳು ಹೀಗೆ ಸಾಲಾಗಿ ಓಡಿ ತೋರಿಸಿದವು.

ಹೈದರಾಬಾದಿನ ಮೆಟ್ರೋ ರೈಲು ಇದಕ್ಕೆ ಸಮೀಪದ ನಿದರ್ಶನ. 2017ರ ನವೆಂಬರಿನಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ರೈಲುಗಳ ನಡುವಣ ಅಂತರವನ್ನು ರೇಡಿಯೋ ಸಂಪರ್ಕದ ಮೂಲಕ ಕಾಯ್ದುಕೊಳ್ಳಲಾಗುತ್ತದೆ. ಬ್ರೇಕ್ ಹಾಕಿದಾಗ ದೊರೆಯುವ ಶಕ್ತಿಯು ವಿದ್ಯುತ್ತಾಗಿ ಮರುಬಳಕೆಗೆ ಒದಗುತ್ತದೆ.

ನಮ್ಮ ರಸ್ತೆಗಳ ಸಮಸ್ಯೆ

ಹಳಿಯ ಮೇಲೆ ಸುಲಭವಾದುದು ರಸ್ತೆಯ ಮೇಲೆ ಅಷ್ಟು ಸುಲಭವಲ್ಲ. ಆಟೋರಿಕ್ಷಾ, ದ್ವಿಚಕ್ರ ವಾಹನ, ಪಾದಚಾರಿ, ದನಕರು ಎಲ್ಲವೂ ನಮ್ಮಲ್ಲಿ ಒಂದೇ ರಸ್ತೆಯನ್ನು ಹಂಚಿಕೊಳ್ಳುತ್ತವೆ. ಆದುದರಿಂದಲೇ ಹೈದರಾಬಾದಿನ ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯು ಹೈದರಾಬಾದ್ ಮತ್ತು ಬೆಂಗಳೂರುಗಳ ರಸ್ತೆಗಳಲ್ಲಿ ತೆಗೆದ ಸುಮಾರು 10,000 ಚಿತ್ರಗಳ ಸಂಗ್ರಹವೊಂದನ್ನು 2018ರಲ್ಲಿ ಸಿದ್ಧಪಡಿಸಿತು. ಆಟೋರಿಕ್ಷಾವನ್ನು ಗುರುತಿಸಲು ಯಂತ್ರವು ಇಂತಹ ಚಿತ್ರಗಳಿಂದ ಕಲಿಯಬೇಕಾಗಿದೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಸ್ವಯಂಚಾಲಿತ ವಾಹನದ ಕ್ಯಾಮೆರಾ ಹಾಗೂ ಕಂಪ್ಯೂಟರುಗಳಿಗೂ ವಿದ್ಯುತ್ ಬೇಕು. ಪ್ರಯಾಣವು ಸುಖಕರವಾಯಿತೆಂದು ಜನರು ಕಾರಿನಲ್ಲಿ ಹೆಚ್ಚು ಹೆಚ್ಚು ತಿರುಗಾಡತೊಡಗಿದರೆ, ಉಳಿದ ಇಂಧನವು ಮತ್ತೆ ವ್ಯಯವಾದೀತು.

ಆದಾಗ್ಯೂ ಈ ತಂತ್ರಜ್ಞಾನದ ತಿರುಳನ್ನು ಅಳವಡಿಸಿಕೊಳ್ಳಲು ಯಾರೂ ಕಾಯಬೇಕಾಗಿಲ್ಲ. ದೂರದ ಕೆಂಪು ದೀಪವನ್ನು ಕಂಡೊಡನೆ ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು, ಮುಂದಿನ ವಾಹನದಿಂದ ಸಾಕಷ್ಟು ಅಂತರ ಉಳಿಸಿಕೊಳ್ಳುವುದು, ವೇಗವನ್ನು ಸಮವಾಗಿ ಕಾಯ್ದುಕೊಳ್ಳುವುದು ಇವು ಇಂದೇ ಸಾಧ್ಯ. ಯಂತ್ರವು ನಾಳೆ ಮಾಡಲಿರುವುದನ್ನು ಎಚ್ಚರವುಳ್ಳ ಚಾಲಕನು ಇಂದೇ ಬಹುಮಟ್ಟಿಗೆ ಮಾಡಬಲ್ಲನು.