ಆಟದ ನಡುವೆ ತಡವೇಕೆ?

ಅಂತರಜಾಲದಲ್ಲಿ ಆಡುವಾಗ ನಾವು ಒತ್ತಿದ ಗುಂಡಿಯ ಸುದ್ದಿಯು ಪ್ಯಾಕೆಟ್ಟುಗಳೆಂಬ ಪುಟ್ಟ ಪೊಟ್ಟಣಗಳಲ್ಲಿ ದೂರದ ಸರ್ವರನ್ನು ಮುಟ್ಟಿ, ಉತ್ತರವು ಹಿಂದಿರುಗಬೇಕು. ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುವುದರಿಂದ, 2,000 ಕಿಲೋಮೀಟರು ಹೋಗಿಬರಲು 20 ಮಿಲಿಸೆಕೆಂಡುಗಳಾದರೂ ಬೇಕು. ಲ್ಯಾಗ್ ಎಂದು ಆಟಗಾರರು ಹಳಿಯುವ ತಡದಲ್ಲಿ ಇಷ್ಟನ್ನು ಯಾರೂ ನೀಗಿಸಲಾರರು. ಹತ್ತಿರದ ಸರ್ವರನ್ನು ಆರಿಸಿಕೊಳ್ಳಬಹುದು, ಅಷ್ಟೆ.

ಆದರೆ ಮನೆಯಲ್ಲಿ ಮತ್ತೊಬ್ಬರು ದೊಡ್ಡ ವಿಡಿಯೋ ಕಳುಹಿಸತೊಡಗಿದೊಡನೆ ಆಟವು ತಡವರಿಸುವುದೇಕೆ? ದೂರವೇನೂ ಬೆಳೆಯಲಿಲ್ಲವಲ್ಲ! ತಪ್ಪು ಬಹಳಮಟ್ಟಿಗೆ ರೌಟರಿನೊಳಗಿನ ಉಗ್ರಾಣದ್ದು. ಸರದಿಗಾಗಿ ಕಾಯುವ ಪ್ಯಾಕೆಟ್ಟು ಕಳೆದುಹೋಗಬಾರದೆಂಬ ಸದುದ್ದೇಶದಿಂದಲೇ ತಯಾರಕರು ಅದನ್ನು ಅತಿಯಾಗಿ ಹಿಗ್ಗಿಸಿದರು. ವಿಡಿಯೋ ಕಳುಹಿಸುವ ಯಂತ್ರವಾದರೋ, ಪ್ಯಾಕೆಟ್ಟು ನಷ್ಟವಾಗುವವರೆಗೆ ಸಾಮಾನ್ಯವಾಗಿ ವೇಗವನ್ನು ತಗ್ಗಿಸದು. ಉಗ್ರಾಣವು ತುಂಬುತ್ತದೆ, ಆಟದ ಪೊಟ್ಟಣವು ಉದ್ದನೆಯ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ.

ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ 'ಕೋಡೆಲ್' ಎಂಬ ಉಪಾಯವನ್ನು ಪ್ರಕಟಿಸಿದರು. ಸಾಲಿನಲ್ಲಿ ಕಾಯುವ ಹೊತ್ತು 100 ಮಿಲಿಸೆಕೆಂಡುಗಳ ಕಾಲ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ, ರೌಟರು ತಾನಾಗಿಯೇ ಪ್ಯಾಕೆಟ್ಟೊಂದನ್ನು ಬಿಸುಡುತ್ತದೆ. ಕಳುಹಿಸುವ ಯಂತ್ರವು ನಿಧಾನಿಸುತ್ತದೆ, ಸಾಲು ಕರಗುತ್ತದೆ. ನಷ್ಟವನ್ನೇ ಮದ್ದಾಗಿಸಿದ ಈ ಯುಕ್ತಿ ನಮಗೆ ಬಹಳ ಮೆಚ್ಚು. ಮುಂದೆ ಒಂದೊಂದು ಹರಿವಿಗೂ ಬೇರೆ ಸಾಲು ಕೊಡುವ ಕ್ರಮವೂ ಇದರೊಡನೆ ಸೇರಿತು.

ಮನೆಯವರೆಲ್ಲ ಸುಮ್ಮನಿರುವಾಗ ಒಮ್ಮೆ, ವಿಡಿಯೋ ಹೋಗುತ್ತಿರುವಾಗ ಒಮ್ಮೆ ಪಿಂಗ್ ಅಂಕಿಯನ್ನು ಬರೆದಿಟ್ಟುಕೊಂಡರೆ, ಉಗ್ರಾಣದ ಪಾಲೆಷ್ಟೆಂಬುದು ಓದುಗರಿಗೇ ಗೊತ್ತಾಗುತ್ತದೆ.